ಟವೆಲ್ ಹಾಕಿದ ಸೀಟಿಗೂ ಒಂದು ಕಾಯಿದೆ ಬೇಕು: ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಿಗೆ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಸದನ ಅಂಗೀಕರಿಸಿ, ರಾಜ್ಯಪಾಲರು ಅಂಕಿತ ಹಾಕಿ, ರಾಜ್ಯಪತ್ರದಲ್ಲಿ ಪ್ರಕಟವಾದ ಕಾಯಿದೆಗಳನ್ನು ಜನ ಎಷ್ಟರಮಟ್ಟಿಗೆ ಪಾಲಿಸುತ್ತಾರೆ ಎಂಬುದು ತಮಗೆ ತಿಳಿಯದ್ದಲ್ಲ. ಆದರೆ ಯಾರೂ ಬರೆಯದ, ಯಾವ ಸದನದಲ್ಲೂ ಚರ್ಚೆಯಾಗದ ಕೆಲವು ಕಟ್ಟಳೆಗಳು ಬೀದರಿನಿಂದ ಚಾಮರಾಜನಗರದವರೆಗೆ ಪೊಲೀಸರ ನೆರವಿಲ್ಲದೆಯೇ ಜಾರಿಯಲ್ಲಿವೆ. ಅವುಗಳಿಗೆ ಶಾಸನದ ಸ್ಥಾನ ನೀಡಬೇಕೆಂದು ಕೋರಿ, ನಾನೇ ಸಿದ್ಧಪಡಿಸಿದ ಕರಡು ವಿಧೇಯಕದ ಮುಖ್ಯಾಂಶಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲನೆಯದು ಟವೆಲ್ ಕಾನೂನು. ಬಸ್ಸು ನಿಲ್ದಾಣದಲ್ಲಿ ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಎಸೆದ ವಸ್ತ್ರವು, ಎಸೆದವರು ಬಾಗಿಲಿನ ನೂಕುನುಗ್ಗಲು ದಾಟಿ ಬರುವವರೆಗೆ ಅವರ ಪರವಾಗಿ ಅಲ್ಲಿ ಕುಳಿತಿರತಕ್ಕದ್ದು. ಇದಕ್ಕೆ ಪಹಣಿ ಬೇಡ, ನೋಂದಣಿ ಬೇಡ, ಮುದ್ರಾಂಕ ಶುಲ್ಕವೂ ಬೇಡ. ಆದರೂ ಗದ್ದೆಯ ಬದುವಿಗಾಗಿ ತಲೆಮಾರುಗಟ್ಟಲೆ ಕೋರ್ಟಿಗೆ ಅಲೆಯುವ ನಮ್ಮ ಜನ ಈ ಸ್ವಾಧೀನವನ್ನು ಗೊಣಗುತ್ತಲಾದರೂ ಒಪ್ಪಿಕೊಳ್ಳುತ್ತಾರೆ. ವಸ್ತುಗಳಲ್ಲೂ ಅಂತಸ್ತು ಉಂಟು. ಕರವಸ್ತ್ರಕ್ಕಿಂತ ಟವೆಲ್ ಮೇಲು, ಟವೆಲ್‌ಗಿಂತ ಬ್ಯಾಗು ಮೇಲು, ಕಿಟಕಿಯಿಂದ ಒಳಗಿಳಿಸಿದ ಮಗುವಿನ ವಿರುದ್ಧವಂತೂ ಮೇಲ್ಮನವಿ ಇರತಕ್ಕದ್ದಲ್ಲ. ಪರಂತು, ಒಂದೇ ಟವೆಲನ್ನು ಉದ್ದಕ್ಕೆ ಹಾಸಿ ಮೂರು ಸೀಟು ಹಿಡಿಯುವುದನ್ನು ಒತ್ತುವರಿ ಎಂದು ಭಾವಿಸತಕ್ಕದ್ದು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ವೇಲು ಮತ್ತು ವ್ಯಾನಿಟಿ ಬ್ಯಾಗುಗಳನ್ನೂ ಅನುಸೂಚಿಗೆ ಸೇರಿಸುವುದು ಅನಿವಾರ್ಯ.

ಪರಿಭಾಷೆಗಳ ಪ್ರಕರಣವನ್ನು ಚಿಕ್ಕದಾಗಿಯೇ ಇಟ್ಟಿದ್ದೇನೆ. ಸಂದರ್ಭವು ಅನ್ಯಥಾ ಅಗತ್ಯಪಡಿಸಿದ ಹೊರತು, ‘ಐದೇ ನಿಮಿಷ, ಬಂದೆ’ ಎಂದರೆ ಹೇಳುವವರು ಇನ್ನೂ ಸ್ನಾನಕ್ಕೆ ಹೋಗಿಲ್ಲ ಎಂದರ್ಥ; ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರೆ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ದೊರೆಯುವ ಅಂಚಿನ ಹಕ್ಕು; ‘ಬೈಟು’ ಎಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು, ಬಿಲ್ಲನ್ನು ಮಾತ್ರ ಹಂಚಿಕೊಳ್ಳದೆ ನಾನು ಕೊಡುತ್ತೇನೆಂದು ಇಬ್ಬರೂ ಜಗಳವಾಡುವ ಏರ್ಪಾಡು.

‘ನಾಳೆ ಬನ್ನಿ’ ಎಂಬುದಕ್ಕೆ ಮಾತ್ರ ಪ್ರತ್ಯೇಕ ಅಧ್ಯಾಯವೇ ಬೇಕಾಯಿತು. ರಾತ್ರಿ ಬಾಗಿಲು ತಟ್ಟುವ ದೆವ್ವವನ್ನು ಹಿಂದಕ್ಕೆ ಕಳಿಸಲು ನಮ್ಮ ಜನ ಒಂದು ಕಾಲಕ್ಕೆ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ತಮಗೂ ನೆನಪಿರಬಹುದು. ದೆವ್ವ ಅದನ್ನು ಓದಿ, ನಂಬಿ, ಹೊರಟುಹೋಗುತ್ತಿತ್ತಂತೆ; ಮರುದಿನ ಬಂದರೂ ಅದೇ ಬರಹ. ಕಚೇರಿಗಳಲ್ಲಿ ಇದೇ ತಂತ್ರವನ್ನು ಬಹುವಚನದಲ್ಲಿ ಬಳಸುತ್ತಾರೆ ಎಂಬುದಷ್ಟೇ ನಾಗರಿಕರಿಗೆ ಸಿಕ್ಕಿರುವ ಹೆಚ್ಚಿನ ಮರ್ಯಾದೆ. ಇದನ್ನು ತಡೆಯಲೆಂದೇ ‘ಸಕಾಲ’ ಎಂದು ನಾವು ಕರೆಯುವ ವ್ಯವಸ್ಥೆಗೆ ಆಧಾರವಾದ 2011ರ ನಾಗರಿಕ ಸೇವೆಗಳ ಖಾತರಿ ಕಾಯಿದೆ ಬಂದಿತು. ನಿಗದಿತ ಅವಧಿ ಮೀರಿದರೆ ಅದರಡಿ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಅಂದರೆ 25 ದಿನಕ್ಕೆ ಮಿತಿ ಮುಗಿಯಿತು. 26ನೆಯ ದಿನದಿಂದ ‘ನಾಳೆ ಬನ್ನಿ’ ಸಂಪೂರ್ಣ ಉಚಿತ. ಆದ್ದರಿಂದ, ಚಿಲ್ಲರೆ ಇಲ್ಲದಾಗ ನಿರ್ವಾಹಕರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುವಂತೆ, ಯಾವ ನಾಳೆ ಎಂಬುದನ್ನು ಅರ್ಜಿಯ ಹಿಂಬದಿಯಲ್ಲಿ ದಿನಾಂಕ, ಮೊಹರು ಸಮೇತ ಬರೆದುಕೊಡತಕ್ಕದ್ದು ಎಂದು ನನ್ನ ವಿಧೇಯಕ ವಿಧಿಸುತ್ತದೆ.

ಟವೆಲ್ ಕಾನೂನಿನ ವ್ಯಾಪ್ತಿಯ ಬಗ್ಗೆ ಒಂದು ಸಂದೇಹ ಉಳಿದಿದೆ. ಸಚಿವ ಸ್ಥಾನಕ್ಕೆ, ಮುಖ್ಯಮಂತ್ರಿ ಕುರ್ಚಿಗೆ ಇಂಥವರು ‘ಟವೆಲ್ ಹಾಕಿದ್ದಾರೆ’ ಎಂಬ ಮಾತನ್ನು ನಾವು ಯಾವ ಪಕ್ಷದ ಸರ್ಕಾರವಿದ್ದರೂ ಕೇಳುತ್ತಲೇ ಬಂದಿದ್ದೇವೆ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರಷ್ಟೇ ಟವೆಲ್ ಹಾಕಬಹುದು. ಇಲ್ಲಿ ಕುಳಿತವರು ಕುಳಿತಿರುವಾಗಲೇ, ಕೆಲವೊಮ್ಮೆ ಒಂದೇ ಕುರ್ಚಿಗೆ ನಾಲ್ಕಾರು ಟವೆಲ್‌ಗಳು ಬೀಳುತ್ತವೆ. ಇವೆರಡನ್ನೂ ಒಂದೇ ಕಾಯಿದೆಯಡಿ ತರಬೇಕೇ ಎಂದು ತೀರ್ಮಾನಿಸುವುದು ಬರಿಯ ಪ್ರಯಾಣಿಕನ ಕೆಲಸವಲ್ಲವಾದ್ದರಿಂದ ಆ ಪ್ರಕರಣವನ್ನು ಖಾಲಿ ಬಿಟ್ಟಿದ್ದೇನೆ. ಬೆಳಗಾವಿ ಅಧಿವೇಶನಕ್ಕೆ ಮುಂಚೆ ತಮ್ಮ ಇಲಾಖೆ ಅದನ್ನು ಭರ್ತಿ ಮಾಡಿ, ವಿಧೇಯಕವನ್ನು ಸದನದಲ್ಲಿ ಮಂಡಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಿಟಕಿಯಾಚೆ ನಿಂತಿರುವ ಒಬ್ಬ ಪ್ರಯಾಣಿಕ