ಬ್ರಾಡ್‌ವೆಲ್‌ನಲ್ಲಿ ಊರುಗೋಲು ಕೊಟ್ಟ ಹಿರಿಯರಿಗೆ

ಕಳೆದ ಶನಿವಾರ ಅಮ್ಮನನ್ನು ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಬ್ರಾಡ್‌ವೆಲ್‌ಗೆ ಕರೆದುಕೊಂಡು ಹೋಗಿದ್ದೆ. ಸಮುದ್ರದ ಕಾವಲಿಗೆ ರೋಮನ್ನರು ಕಟ್ಟಿದ್ದ ಒಥೋನಾ ಕೋಟೆ ಇದ್ದ ಜಾಗ ಅದು. ಆ ಕೋಟೆಯದೇ ಕಲ್ಲು, ಇಟ್ಟಿಗೆ ಬಳಸಿ 654ರ ಸುಮಾರಿಗೆ ಸಂತ ಸೆಡ್ ಅಲ್ಲೊಂದು ಚರ್ಚ್ ಕಟ್ಟಿಸಿದ. ಆಂಗ್ಲೋ-ಸ್ಯಾಕ್ಸನ್ ಕಾಲದ ಆ ಪುಟ್ಟ ಸೇಂಟ್ ಪೀಟರ್ ಚಾಪೆಲ್ ಈಗಲೂ ನಿಂತಿದೆ. ನಡುವೆ ಎಷ್ಟೋ ವರ್ಷ ರೈತರ ಕಣಜವೂ ಆಗಿತ್ತು. ಗೋಡೆಯಲ್ಲಿದ್ದ ರೋಮನ್ ಇಟ್ಟಿಗೆಗಳನ್ನು ಅಮ್ಮ ಮುಟ್ಟಿ ಮುಟ್ಟಿ ನೋಡಿದಳು.

ಆಮೇಲೆ ಸಮುದ್ರದ ಒಡ್ಡಿನ ಮೇಲೆ ನಡೆದೆವು. ಇಳಿಯುವಾಗ ಅಮ್ಮನ ಕಾಲು ಉಳುಕಿತು. ಕಾರು ಅರ್ಧ ಮೈಲಿಗಿಂತ ಜಾಸ್ತಿ ದೂರ. ಚಳಿಗಾಳಿ ಬೇರೆ. ಫೋನಿಗೆ ಸಿಗ್ನಲ್ ಇಲ್ಲ. ನನಗೆ ಕೈಕಾಲೇ ಆಡಲಿಲ್ಲ.

ಆಗ ನಾಯಿ ಜೊತೆ ಬಂದವರು ನೀವು. ಏನೂ ಕೇಳದೆ ನಿಮ್ಮ ಮಫ್ಲರ್ ಬಿಚ್ಚಿ ಅಮ್ಮನ ಪಾದಕ್ಕೆ ಸುತ್ತಿದಿರಿ. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ ಕೊಟ್ಟಿರಿ. ನಿಮ್ಮದೇ ಊರುಗೋಲನ್ನು ಅವಳ ಕೈಗಿಟ್ಟು, ಇನ್ನೊಂದು ಕಡೆ ತೋಳು ಕೊಟ್ಟಿರಿ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ನಿಮಗೆ ಕನ್ನಡ ಬರಲ್ಲ. ಆದರೂ ಅವಳು ನಿಂತಾಗೆಲ್ಲ ನೀವೂ ನಿಂತು, ಕಡಲ ಹಕ್ಕಿಗಳನ್ನು ತೋರಿಸುತ್ತಿದ್ದಿರಿ. ಅವಳು ನಕ್ಕಿದ್ದು ನೋಡಿಯೇ ನನಗೆ ಹೋದ ಜೀವ ಬಂತು.

ಕಾರಿನ ಹತ್ತಿರ ನಿಮ್ಮ ಹೆಸರು ಕೇಳಬೇಕಿತ್ತು. ಅಷ್ಟರಲ್ಲಿ ನೀವು ಕೈ ಬೀಸಿ ತಿರುಗಿ ಹೊರಟಿರಿ. ಅಮ್ಮನ ಕಾಲಿನ ಬಾವು ಇಳಿದಿದೆ. ನಿಮ್ಮ ಮಫ್ಲರನ್ನು ಒಗೆದು ಮಡಚಿಟ್ಟಿದ್ದಾಳೆ. ತುಂಬಾ ಥ್ಯಾಂಕ್ಸ್.