ಕಡ್ಡಿ ಇಳಿಬಿಟ್ಟು ನೀರು ಕಂದು ಮಾಡಿ ತೋರಿಸಿದ್ರೆ ನಂಬಬೇಡಿ, ಮೊದಲು ಪರೀಕ್ಷೆ ಮಾಡಿಸಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಮ್ಮನೆಗೆ ಒಬ್ರು ವಾಟರ್ ಫಿಲ್ಟರ್ ಮಾರೋಕೆ ಬಂದಿದ್ರು. ಟೇಬಲ್ ಮೇಲೆ ಎರಡು ಗ್ಲಾಸ್ ಇಟ್ರು, ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರೇ ತಂದಿದ್ದ ಆರ್‌ಒ ನೀರು (ಕರಗಿರೋ ಲವಣನೂ ಬಹುತೇಕ ತೆಗೆಯೋ ಫಿಲ್ಟರಿನ ನೀರು), ಆಮೇಲೆ ಕಡ್ಡಿಗಳಿರೋ ಒಂದು ಸಣ್ಣ ಮೆಷೀನ್ ಎರಡಕ್ಕೂ ಇಳಿಬಿಟ್ಟು ಕರೆಂಟ್ ಕೊಟ್ರು. ನೋಡ್ತಾ ನೋಡ್ತಾ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಮೇಲೆ ಗಲೀಜು ನೊರೆ ಕಟ್ತು, ಅವರ ನೀರು ಹಂಗೇ ತಿಳಿಯಾಗಿತ್ತು. "ಇದನ್ನೇ ಮಕ್ಕಳಿಗೆ ಕುಡಿಸ್ತಾ ಇದ್ದೀರಲ್ಲ ಮೇಡಂ" ಅಂದ್ರು. ನಮ್ಮತ್ತೆ ಅವತ್ತು ಸಂಜೆವರೆಗೂ ಒಂದು ಗುಟುಕು ನೀರು ಮುಟ್ಟಲಿಲ್ಲ. ಆ ಹೆದರಿಕೆ ನೋಡಿ ನಂಗೆ ಬಂದ ಸಿಟ್ಟಿಗೇ ಈ ಪತ್ರ ಬರೀತಾ ಇರೋದು.

ಆ ಕಂದು ಬಣ್ಣ ನೀರಲ್ಲಿದ್ದ ಕೊಳೆ ಅಲ್ಲವೇ ಅಲ್ಲ. ಆ ಕಡ್ಡಿಗಳಲ್ಲಿ ಕಬ್ಬಿಣ ಇರತ್ತೆ, ಕರೆಂಟ್ ಹರಿದಾಗ ಅದು ಕರಗಿ ತುಕ್ಕಿನ ಥರ ನೀರಿಗೆ ಇಳಿಯತ್ತೆ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಉಪ್ಪಿನಂಶ ಇರೋ ನೀರಲ್ಲಿ ಕರೆಂಟ್ ಚೆನ್ನಾಗಿ ಹರಿಯತ್ತೆ, ಆರ್‌ಒ ನೀರಲ್ಲಿ ಅವು ತುಂಬ ಕಮ್ಮಿ ಇರೋದ್ರಿಂದ ಹರಿಯಲ್ಲ, ಅಷ್ಟೇ ವಿಷಯ. ಅವರ ಗ್ಲಾಸಿಗೇ ಒಂದು ಚಿಟಿಕೆ ಉಪ್ಪು ಹಾಕಿ ಇನ್ನೊಂದು ಸಲ ಮಾಡಿ ತೋರಿಸಿ ಅನ್ನಿ, ಆ ನೀರೂ ಕಂದಾಗತ್ತೆ.

ಟಿಡಿಎಸ್ ಮೀಟರ್ ಕಥೆನೂ ಹೆಚ್ಚುಕಮ್ಮಿ ಇದೇ. ಅದು ಅಳೆಯೋದು ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅನ್ನೋದನ್ನ, ಅದರಿಂದ ಒಟ್ಟು ಕರಗಿರೋ ಲವಣ (ಟಿಡಿಎಸ್ ಅಂದ್ರೆ ಇದೇ) ಎಷ್ಟು ಅಂತ ಅಂದಾಜು ತೋರಿಸತ್ತೆ. ಬ್ಯಾಕ್ಟೀರಿಯಾ ಅದಕ್ಕೆ ಗೊತ್ತಾಗಲ್ಲ, ಫ್ಲೋರೈಡ್ ಆರ್ಸೆನಿಕ್ ಬೇರೆ ಮಾಡಿ ಹೇಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಲೀಟರಿಗೆ 600 ಮಿಲಿಗ್ರಾಂಗಿಂತ ಕಮ್ಮಿ ಟಿಡಿಎಸ್ ಇರೋ ನೀರಿನ ರುಚಿ ಸಾಮಾನ್ಯವಾಗಿ ಚೆನ್ನಾಗೇ ಇರತ್ತೆ, 1000 ದಾಟಿದ ಮೇಲೆ ಕುಡಿಯೋಕೆ ಕಷ್ಟ ಆಗ್ತಾ ಹೋಗತ್ತೆ. ಇದು ರುಚಿ ಲೆಕ್ಕ, ಕಾಯಿಲೆ ಲೆಕ್ಕ ಬೇರೆ. ಟಿಡಿಎಸ್ 100 ಇರೋ ನೀರಲ್ಲೂ ಭೇದಿ ಹಿಡಿಸೋ ಬ್ಯಾಕ್ಟೀರಿಯಾ ಇರಬಹುದು.

ಹಾಗಾಗಿ ಫಿಲ್ಟರ್‌ಗೆ ದುಡ್ಡು ಹಾಕೋ ಮೊದಲು ಲ್ಯಾಬಲ್ಲಿ ನೀರು ಪರೀಕ್ಷೆ ಮಾಡಿಸಿ. ಮುಖ್ಯವಾಗಿ ಕೇಳಬೇಕಾದ್ದು ಇ-ಕೋಲಿ (ಮಲದಿಂದ ನೀರಿಗೆ ಸೇರೋ ಬ್ಯಾಕ್ಟೀರಿಯಾ), 100 ಮಿಲಿಲೀಟರಲ್ಲಿ ಒಂದೂ ಇರಬಾರದು. ಬೋರ್‌ವೆಲ್ ನೀರಾದ್ರೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಕೂಡ ನೋಡಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ ಮಿತಿ ಲೀಟರಿಗೆ ಫ್ಲೋರೈಡ್ 1.5, ನೈಟ್ರೇಟ್ 50, ಆರ್ಸೆನಿಕ್ 0.01 ಮಿಲಿಗ್ರಾಂ. ಈ ಮೂರೂ ಕುದಿಸಿದ್ರೆ ಹೋಗಲ್ಲ, ನೀರು ಆವಿಯಾಗಿ ಇನ್ನೂ ದಟ್ಟ ಆಗ್ತವೆ. ಎಳೇ ಮಗು ಇರೋ ಮನೆಯವರು ನೈಟ್ರೇಟ್ ಪರೀಕ್ಷೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ನಾವು ಮಾಡಿಸಿದಾಗ ಟಿಡಿಎಸ್ 280, ಫ್ಲೋರೈಡ್ ನೈಟ್ರೇಟ್ ಎಲ್ಲಾ ಮಿತಿ ಒಳಗೆ, ಆದ್ರೆ ಕೋಲಿಫಾರ್ಮ್ (ನೀರಿಗೆ ಕೊಳಕು ಸೇರಿರಬಹುದು ಅಂತ ತೋರಿಸೋ ಬ್ಯಾಕ್ಟೀರಿಯಾ) ಬಂತು. ಟ್ಯಾಂಕ್ ತೊಳೆದು ಎಷ್ಟೋ ಕಾಲ ಆಗಿತ್ತು, ಅದನ್ನ ಖಾಲಿ ಮಾಡಿ ಉಜ್ಜಿ ತೊಳೆದು ಕ್ಲೋರಿನ್ ಹಾಕಿಸಿ, ಮತ್ತೆ ನೋಡಿಸಿದ್ರೆ ಸೊನ್ನೆ. ಇಂಥ ನೀರಿಗೆ ಆರ್‌ಒ ಯಾಕೆ ಬೇಕು ಹೇಳಿ? ಮನೇಲಿಡೋ ಎಷ್ಟೋ ಆರ್‌ಒ ಒಂದು ಲೀಟರ್ ಕೊಡೋಕೆ ಮೂರು ಲೀಟರ್ ಆಚೆ ಬಿಡ್ತವೆ. ಲವಣ ಜಾಸ್ತಿ ಇರೋರಿಗೆ, ಫ್ಲೋರೈಡ್ ನೈಟ್ರೇಟ್ ಆರ್ಸೆನಿಕ್ ಮಿತಿ ಮೀರಿರೋರಿಗೆ ಅದು ನಿಜವಾಗ್ಲೂ ಬೇಕು, ಬೇಡ ಅಂತ ನಾನು ಹೇಳಲ್ಲ. ಉಳಿದೋರಿಗೆ ಸೆಡಿಮೆಂಟ್ (ಮಣ್ಣು ತಡೆಯೋದು), ಕಾರ್ಬನ್, ಆಮೇಲೆ ಯುಎಫ್ (ಬಲು ಸಣ್ಣ ರಂಧ್ರದ ಪೊರೆ) ಇರೋ ಸಾದಾ ಫಿಲ್ಟರ್ ಸಾಕು. ಕಾರ್ಬನ್ ಕ್ಲೋರಿನ್ ವಾಸನೆ ತೆಗೆಯತ್ತೆ, ಯುಎಫ್ ಬ್ಯಾಕ್ಟೀರಿಯಾ ತಡೆಯತ್ತೆ, ಆದ್ರೆ ಕರಗಿರೋ ಲವಣನ ಎರಡೂ ತೆಗೆಯಲ್ಲ. ಯುವಿ, ಅಂದ್ರೆ ಬೆಳಕಿಂದ ಬ್ಯಾಕ್ಟೀರಿಯಾ ಕೊಲ್ಲೋ ಫಿಲ್ಟರ್ ತಗೊಳ್ಳೋರು ಒಂದು ನೆನಪಿಡಿ, ನೀರು ಮಬ್ಬಾಗಿದ್ರೆ ಬೆಳಕು ಒಳಗೆ ಹೋಗಲ್ಲ, ಮತ್ತೆ ಲ್ಯಾಂಪ್ ಉರೀತಾ ಇದ್ರೂ ಸುಮಾರು ಒಂದು ವರ್ಷಕ್ಕೆ ಅದರ ಶಕ್ತಿ ಕುಗ್ಗಿರತ್ತೆ, ಬದಲಾಯಿಸಬೇಕು.

ನಮ್ಮನೆ ಸಾದಾ ಫಿಲ್ಟರನ್ನ ನಾನೂ ನನ್ನ ತಮ್ಮನೂ ಸೇರಿ ಫಿಟ್ ಮಾಡಿದ್ವಿ, ಒಂದು ಮಧ್ಯಾಹ್ನದ ಕೆಲಸ. ಕೊಳ್ಳೋ ಮೊದಲೇ ಪ್ರೆಷರ್ ಲೆಕ್ಕ ಹಾಕಿಕೊಳ್ಳಿ, ಟ್ಯಾಂಕ್ ನಲ್ಲಿಗಿಂತ 10 ಅಡಿ ಮೇಲಿದ್ರೆ ಸಿಗೋದು ಬರೀ 4.3 ಪಿಎಸ್‌ಐ (ಪ್ರೆಷರ್ ಅಳತೆ). ಯುಎಫ್‌ನಲ್ಲಿ ಕಮ್ಮಿ ಪ್ರೆಷರ್‌ಗೆ ಅಂತಲೇ ಮಾಡಿರೋ ಮಾಡೆಲ್ ಸಿಗ್ತವೆ, ಆರ್‌ಒಗೆ ಸಾಮಾನ್ಯವಾಗಿ 40ರ ಮೇಲೆ ಬೇಕು, ಅದಕ್ಕೇ ಪಂಪು, ಕರೆಂಟು ಎಲ್ಲಾ. ಮೇನ್ ವಾಲ್ವ್ ಬಂದ್ ಮಾಡಿ, ಥ್ರೆಡ್ಡಿಗೆ ಟೆಫ್ಲಾನ್ ಟೇಪನ್ನ ತಿರುಗಿಸೋ ದಿಕ್ಕಲ್ಲೇ ಸುತ್ತಿ, ಕಾರ್ಟ್ರಿಜ್ ಮೇಲಿನ ಬಾಣದ ಗುರುತು ನೋಡಿ ಕೂರಿಸಿ, ಹೌಸಿಂಗ್‌ನ (ಕಾರ್ಟ್ರಿಜ್ ಕೂರೋ ಡಬ್ಬಿ) ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಹಾಕಿ ಜಾಸ್ತಿ ತಿರುಗಿಸಿದ್ರೆ ಪ್ಲಾಸ್ಟಿಕ್ ಸೀಳತ್ತೆ. ನಮಗೆ ಒಂದು ಕಡೆ ಸೋರ್ತು, ನೋಡಿದ್ರೆ ಟ್ಯೂಬನ್ನ ಚಾಕುವಲ್ಲಿ ಓರೆಯಾಗಿ ಕೊಯ್ದಿದ್ವಿ, ನೇರವಾಗಿ ಕೊಯ್ದು ಪೂರ್ತಿ ಒಳಗೆ ತಳ್ಳಿದ ಮೇಲೆ ನಿಂತೋಯ್ತು. ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಒತ್ತಿ ನೋಡಿ, ಕಣ್ಣಿಗೆ ಕಾಣದ ತೇವನೂ ಗೊತ್ತಾಗತ್ತೆ. ಶುರುವಿಗೆ ಕಾರ್ಬನ್ನಿಂದ ಕಪ್ಪು ಪುಡಿ ಬರತ್ತೆ, ಪೂರ್ತಿ ತಿಳಿಯಾಗೋ ತನಕ ನೀರು ಬಿಡಿ. ಫಿಟ್ ಮಾಡಿದ ತಾರೀಕನ್ನ ಹೌಸಿಂಗ್ ಮೇಲೇ ಬರೆದಿಡಿ, ಅವಧಿ ಮುಗಿದ ಕಾರ್ಬನ್ನಲ್ಲಿ ಬ್ಯಾಕ್ಟೀರಿಯಾ ಬೆಳೆಯತ್ತೆ.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪತ್ರಿಕೇಲಿ ಫಿಲ್ಟರ್ ಜಾಹೀರಾತು ಬರ್ತಾನೇ ಇರ್ತವೆ, ನೀರಿನ ಪರೀಕ್ಷೆ ವರದಿ ಓದೋದು ಹೆಂಗೆ, ಯಾವ ಅಂಕಿ ಎಷ್ಟಿದ್ರೆ ಯಾವ ಫಿಲ್ಟರ್ ಬೇಕು ಅನ್ನೋದನ್ನ ಒಂದು ಪಟ್ಟಿ ಮಾಡಿ ಹಾಕಿ. ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳೋ ಥರ ಇರಲಿ. ಮುಂದಿನ ಸಲ ಆ ಕಡ್ಡಿ ಮೆಷೀನ್ ಹಿಡ್ಕೊಂಡು ಯಾರಾದ್ರೂ ಬಂದಾಗ ನಮ್ಮತ್ತೆನೇ ಆ ಪಟ್ಟಿನ ಅವರಿಗೆ ತೋರಿಸ್ತಾರೆ.

ಇಂತಿ,
ನಿಮ್ಮ ಓದುಗಳು