ಬಿಲ್ಬಾವೊದಲ್ಲಿ ಹೊಳೆಯ ಜೊತೆಗೆ ನಡೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಮೇ ತಿಂಗಳ ರಜೆಯಲ್ಲಿ ಗೆಳತಿಯ ಜೊತೆ ಸ್ಪೇನಿನ ಬಿಲ್ಬಾವೊಗೆ ಹೋಗುತ್ತೀಯಂತೆ, ನಿಮ್ಮಪ್ಪ ಹೇಳಿದ. ಶನಿವಾರ ಮಧ್ಯಾಹ್ನ ಇಳಿದು ಮ್ಯೂಸಿಯಂ ನೋಡೋದು, ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಸಾನ್ ಸೆಬಾಸ್ಟಿಯನ್‌ಗೆ ಹೋಗೋದು ಅಂತ ಪ್ಲ್ಯಾನಂತೆ. ಅದನ್ನು ಕೇಳಿಯೇ ಈ ಕಾಗದ ಬರೆಯಲು ಕೂತೆ.

ನಾನು ಪೀಣ್ಯದ ಕಾರ್ಖಾನೆಯಲ್ಲಿದ್ದಾಗ ಅಲ್ಲಿನ ಯಂತ್ರಗಳ ಮೇಳಕ್ಕೆ ಕಳಿಸುತ್ತಿದ್ದರು ಅಂತ ನಿನಗೆ ಗೊತ್ತು. ಲೇಥು, ಮಿಲ್ಲಿಂಗ್, ಗ್ರೈಂಡಿಂಗ್ ಮಷೀನು ಮಾಡುವುದರಲ್ಲಿ ಆ ಸೀಮೆಯ ಬಾಸ್ಕ್ ಜನ ಬಹಳ ಗಟ್ಟಿಗರು. ಮೇಳದ ಕೆಲಸ ಮುಗಿದ ಮೇಲೆ ಊರು ಸುತ್ತುತ್ತಿದ್ದೆ. ಆ ಊರಿನ ಮೇಲೆ ನನಗೆ ತುಂಬಾ ಪ್ರೀತಿ ಇದೆ. ನೀನು ಅದನ್ನು ಅರೆಬರೆ ನೋಡಿ ಬರಬಾರದು ಅಂತ ಆಸೆ.

ಸಾನ್ ಸೆಬಾಸ್ಟಿಯನ್ ಚೆಲುವಾದ ಊರು, ಇಲ್ಲ ಅನ್ನಲ್ಲ. ಕಡಲತೀರ ಇದೆ, ಪ್ರಪಂಚವೇ ಹೊಗಳುವ ಹೋಟೆಲುಗಳಿವೆ. ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊ. ಇರುವ ಮೂರು ದಿನವನ್ನೂ ಬಿಲ್ಬಾವೊಗೇ ಕೊಡು. ಮತ್ತೆ ಒಂದು ಮಾತು ನಡೆಸಿಕೊಡು: ಅಲ್ಲಿ ಎಲ್ಲೇ ಹೋದರೂ ಹೊಳೆಯ ಬದಿ ಬಿಡಬೇಡ.

ನೆರ್ವಿಯೊನ್ ಅಂತ ಆ ಹೊಳೆಯ ಹೆಸರು. ಊರಿನೊಳಗೆ ಬರುವಷ್ಟರಲ್ಲಿ ಅದು ಅಳಿವೆ. ಸಮುದ್ರದ ಉಬ್ಬರ ಇಳಿತ ಹಳೇ ಪೇಟೆಯ ತನಕ ಬರುತ್ತದೆ. 1300ರಲ್ಲಿ ಊರು ಕಟ್ಟಿದ್ದೇ ಆ ನೀರನ್ನು ನಂಬಿ. ಪಕ್ಕದ ಗುಡ್ಡಗಳಲ್ಲಿ ಕಬ್ಬಿಣದ ಅದಿರು. ಹತ್ತೊಂಬತ್ತನೇ ಶತಮಾನದಲ್ಲಿ ಬೆಸೆಮರ್ ವಿಧಾನದಿಂದ ಉಕ್ಕು ಮಾಡಲು ಶುರುಮಾಡಿದಾಗ ರಂಜಕ ಕಡಿಮೆ ಇರುವ ಅದಿರೇ ಬೇಕಾಯಿತು. ಬಿಲ್ಬಾವೊದ ಅದಿರು ಅಂಥದ್ದು. ಅದು ಹಡಗು ಹಡಗಾಗಿ ಇಂಗ್ಲೆಂಡಿಗೆ ಹೋಯಿತು. ಆಮೇಲೆ ಹೊಳೆಯ ಎರಡೂ ದಡದಲ್ಲಿ ಊದುಕುಲುಮೆಗಳು, ಹಡಗು ಕಟ್ಟೆಗಳು ಎದ್ದವು. ಊರಿಗೆ ದುಡ್ಡು ಬಂತು, ಹೊಳೆ ಸತ್ತಿತು. 1980ರ ದಶಕದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅದರ ಮಧ್ಯೆ 1983ರ ಆಗಸ್ಟಿನಲ್ಲಿ ಭಾರಿ ನೆರೆ ಬಂದು ಹಳೇ ಪೇಟೆ ಮುಳುಗಿತು. ಕೊನೆಯ ದೊಡ್ಡ ಉಕ್ಕಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು.

ಗುಗನ್‌ಹೈಮ್ ಕಲಾ ಮ್ಯೂಸಿಯಂ ಬಂದು ಊರನ್ನು ಉಳಿಸಿತು ಅಂತ ಎಲ್ಲರೂ ಹೇಳುತ್ತಾರೆ. ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮ್ಯೂಸಿಯಂಗಿಂತ ಮೊದಲೇ ಅವರು ಕೊಳಚೆ ನೀರು ಶುದ್ಧ ಮಾಡಿ ಬಿಡುವ ಕೆಲಸ ಶುರುಮಾಡಿದ್ದರು. ನೆಲದಡಿ ಪೈಪು ಹಾಕುವ ಕೆಲಸದ ಫೋಟೋ ಯಾರೂ ತೆಗೆಯುವುದಿಲ್ಲ. ಆದರೆ ಮೀನು ವಾಪಸ್ ಬಂದದ್ದು ಅದರಿಂದ. ಪೀಣ್ಯದಲ್ಲಿ ಕೆಲಸ ಮಾಡಿ, ದಿನಾ ವೃಷಭಾವತಿ ದಾಟಿ ಮನೆಗೆ ಬರುತ್ತಿದ್ದವನು ನಾನು. ಕಾರ್ಖಾನೆ ಕೆಡಿಸಿದ ಹೊಳೆಯನ್ನು ಮತ್ತೆ ತಿಳಿ ಮಾಡಬಹುದು ಅಂತ ಕಣ್ಣಾರೆ ಕಂಡದ್ದು ಅಲ್ಲೇ. ನೀನೂ ದಡದಲ್ಲಿ ನಿಂತು ನೀರನ್ನು ನೋಡು.

ನಡಿಗೆಯನ್ನು ಸಾನ್ ಆಂತೋನ್ ಚರ್ಚಿನ ಹತ್ತಿರ ಶುರು ಮಾಡು. ಆ ಚರ್ಚು, ಪಕ್ಕದ ಸೇತುವೆ ಎರಡೂ ಊರಿನ ಲಾಂಛನದಲ್ಲಿವೆ. ಅಲ್ಲೇ ರಿಬೇರಾ ಮಾರುಕಟ್ಟೆ, 1929ರ ಕಟ್ಟಡ. ಬೆಳಿಗ್ಗೆಯೇ ಹೋಗು, ಮೀನಿನ ಅಂಗಡಿಗಳು ತುಂಬಿರುತ್ತವೆ. ಹಿಂದೆಯೇ ‘ಏಳು ಬೀದಿ’ ಅಂತ ಕರೆಯುವ ಹಳೇ ಪೇಟೆ. ಗೋಡೆಗಳ ಮೇಲೆ 1983ರ ನೀರು ಎಲ್ಲಿಯ ತನಕ ಬಂದಿತ್ತು ಅಂತ ಫಲಕ ಹಾಕಿದ್ದಾರೆ. ತಲೆ ಎತ್ತಿ ನೋಡಬೇಕು.

ಈಗ ಊಟದ ವಿಷಯ. ನೀನು ಮೀನು, ಮೊಟ್ಟೆ ತಿನ್ನುತ್ತೀಯ, ನಿನ್ನ ಗೆಳತಿ ಪೂರ್ತಿ ಸಸ್ಯಾಹಾರಿ ಅಂತ ಕೇಳಿದೆ. ಇಬ್ಬರಿಗೂ ಹೊಟ್ಟೆ ತುಂಬುತ್ತದೆ, ಆದರೆ ಗೊತ್ತಿರಬೇಕಾದ್ದು ಗೊತ್ತಿರಬೇಕು.

ಅಲ್ಲಿ ಪಿಂಚೊ ಅಂತ ಮಾಡುತ್ತಾರೆ, ಎರಡು ತುತ್ತಿನ ತಿಂಡಿ. ಬಾರಿನ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿರುತ್ತಾರೆ. ಒಂದೇ ಕಡೆ ಕೂತು ತಟ್ಟೆ ತುಂಬಿಕೊಳ್ಳಬೇಡ. ಊರಿನವರು ನಿಂತುಕೊಂಡೇ ಒಂದೋ ಎರಡೋ ತಿಂದು, ಸಣ್ಣ ಲೋಟದಲ್ಲಿ ಏನಾದರೂ ಕುಡಿದು, ಪಕ್ಕದ ಬಾರಿಗೆ ಹೋಗುತ್ತಾರೆ. ಹೀಗೆ ನಾಲ್ಕೈದು ಕಡೆ ಆದರೆ ಊಟ ಆಯಿತು. ಹರಟೆ ಹೊಡೆಯುತ್ತಾ ನಡೆಯುವುದೇ ಅದರ ಅರ್ಧ ರುಚಿ. ಕುಡಿಯುವುದಿಲ್ಲ ಅಂತ ಸಂಕೋಚ ಬೇಡ, ‘ಮೋಸ್ತೊ’ ಕೇಳು. ಅದು ದ್ರಾಕ್ಷಿ ರಸ. ಅಲ್ಲಿನ ದೊಡ್ಡವರೂ ಕುಡಿಯುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ.

ನೀನು ಗಿಲ್ದಾ ತಿನ್ನು. ಆಂಚೊವಿ ಮೀನು, ಹಸಿರು ಆಲಿವ್, ಉಪ್ಪಿನಕಾಯಿ ಹಾಕಿದ ಹಸಿಮೆಣಸು, ಮೂರನ್ನೂ ಒಂದು ಕಡ್ಡಿಗೆ ಚುಚ್ಚಿರುತ್ತಾರೆ. ಒಂದೇ ಸಲಕ್ಕೆ ಬಾಯಿಗೆ ಹಾಕಿಕೊ. ಒಂದು ದಿನ ಮಧ್ಯಾಹ್ನ ಸರಿಯಾಗಿ ಕೂತು ಪಿಲ್‌ಪಿಲ್ ಬಕಲಾವೊ ತರಿಸಿಕೊ. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ನೀರು ಬದಲಿಸುತ್ತಾ ನೆನೆಸಿಡುತ್ತಾರೆ. ಬೆಳ್ಳುಳ್ಳಿ, ಒಣಮೆಣಸು ಹಾಕಿದ ಆಲಿವ್ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬೇಯಿಸುತ್ತಾರೆ. ಆಮೇಲೆ ಪಾತ್ರೆಯನ್ನು ಸುತ್ತ ಆಡಿಸುತ್ತಾ ಇರಬೇಕು. ಮೀನಿನ ಚರ್ಮದಿಂದ ಬಿಡುವ ಅಂಟು ಎಣ್ಣೆಯ ಜೊತೆ ಬೆರೆತು ಗಟ್ಟಿ ಗೊಜ್ಜಾಗುತ್ತದೆ. ಹಿಟ್ಟಿಲ್ಲ, ಬೆಣ್ಣೆಯಿಲ್ಲ, ಬರೀ ಕೈಚಳಕ. ಶಾಖ ಸ್ವಲ್ಪ ಜಾಸ್ತಿಯಾದರೆ ಎಣ್ಣೆ ಬೇರೆ, ಮೀನು ಬೇರೆ.

ಗೆಳತಿಗೆ ಒಂದು ಎಚ್ಚರಿಕೆ ಹೇಳು. ‘ಮಾಂಸ ಬೇಡ’ ಅಂದರೆ ಸಾಲದು. ಹಂದಿಯ ಹ್ಯಾಮ್, ಟ್ಯೂನಾ ಮೀನು ಇವನ್ನು ಅಲ್ಲಿ ಬಹಳ ಜನ ಮಾಂಸದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹ್ಯಾಮೂ ಬೇಡ, ಮೀನೂ ಬೇಡ ಅಂತ ಹೆಸರು ಹಿಡಿದು ಹೇಳಬೇಕು. ಅವಳಿಗೆ ಗೆರ್ನಿಕಾದ ಹಸಿಮೆಣಸು ಇದೆ: ಖಾರವಿಲ್ಲದ ಎಳೇ ಮೆಣಸನ್ನು ಎಣ್ಣೆಯಲ್ಲಿ ಕರಿದು ಉಪ್ಪು ಉದುರಿಸಿ ಕೊಡುತ್ತಾರೆ. ಗ್ರಿಯೊ ಅಂತ ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಲೆಟ್ಯೂಸ್ ಚುಚ್ಚಿದ ಕಡ್ಡಿ ಇದೆ. ಜಾತ್ರೆಗಳಲ್ಲಿ ತಾಲೊ ಸಿಗುತ್ತದೆ. ಮೆಕ್ಕೆಜೋಳದ ಹಿಟ್ಟನ್ನು ನಮ್ಮ ರೊಟ್ಟಿಯ ಹಾಗೆ ಕೈಯಲ್ಲಿ ತಟ್ಟಿ ಕಾವಲಿಯ ಮೇಲೆ ಬೇಯಿಸುತ್ತಾರೆ. ಇದಿಯಾಸಾಬಾಲ್ ಚೀಸ್ ಕುರಿ ಹಾಲಿನದು, ಬಹಳ ರುಚಿ. ಆದರೆ ಅದಕ್ಕೆ ಹೆಪ್ಪು ಹಾಕುವುದು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಅವಳಿಗೆ ಮೊದಲೇ ತಿಳಿಸಿಬಿಡು, ಆಮೇಲೆ ಗೊತ್ತಾದರೆ ನೊಂದುಕೊಳ್ಳುತ್ತಾಳೆ.

ಪಿಂಚೊ ಬಾರುಗಳಿಗೆ ಒಳ್ಳೇ ಜಾಗ ಪ್ಲಾಸಾ ನುಯೆವಾ, ಸುತ್ತ ಕಮಾನುಗಳ ಮೊಗಸಾಲೆ ಇರುವ ಚೌಕ. ಅದೇ ಚೌಕದಲ್ಲಿ ಬಾಸ್ಕ್ ಭಾಷೆಯ ಅಕಾಡೆಮಿಯ ಕಚೇರಿಯೂ ಇದೆ. ತಿನ್ನುವ ಗಡಿಬಿಡಿಯಲ್ಲಿ ಅದನ್ನು ನೋಡದೆ ಹೋಗಬೇಡ. ಬಾಸ್ಕ್ ಭಾಷೆಗೆ ಪ್ರಪಂಚದಲ್ಲಿ ಬೇರೆ ನಂಟು ಭಾಷೆಯೇ ಸಿಕ್ಕಿಲ್ಲ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಅದನ್ನು ಶಾಲೆಯಿಂದ, ಕಚೇರಿಯಿಂದ ಹೊರಗಿಟ್ಟಿದ್ದರು. ತಂದೆತಾಯಿಗಳೇ ಸೇರಿ ಮಕ್ಕಳಿಗೆ ಶಾಲೆ ನಡೆಸಿದರು. ಊರೂರಿಗೆ ಬೇರೆಯಾಗಿದ್ದ ನುಡಿಗೆ 1968ರಿಂದ ಒಂದು ಸಮಾನ ಬರಹದ ರೂಪ ಕಟ್ಟಿಕೊಂಡರು. ಬಿಲ್ಬಾವೊ ಬೀದಿಯಲ್ಲಿ ನಿನ್ನ ಕಿವಿಗೆ ಬೀಳುವುದು ಹೆಚ್ಚಾಗಿ ಸ್ಪ್ಯಾನಿಷ್. ಆದರೂ ಬಾರಿಗೆ ಹೋದಾಗ ‘ಕೈಶೊ’ ಅನ್ನು, ಹೊರಡುವಾಗ ‘ಎಸ್ಕೆರ್ರಿಕ್ ಆಸ್ಕೊ’ ಅಂತ ಧನ್ಯವಾದ ಹೇಳು. ಬೆಂಗಳೂರಿಗೆ ಬಂದವರು ಎರಡು ಮಾತು ಕನ್ನಡ ಆಡಿದರೆ ನಮಗೆ ಎಷ್ಟು ಸಂತೋಷ ಅಲ್ವಾ?

ಇನ್ನೊಂದು ಹೇಳಬೇಕು. ಗೋವಾದಲ್ಲಿ ದೇಹ ಇಟ್ಟಿದ್ದಾರಲ್ಲ, ಸೇಂಟ್ ಫ್ರಾನ್ಸಿಸ್ ಝೇವಿಯರ್, ಅವರು ಪಕ್ಕದ ನವಾರಾ ಸೀಮೆಯಲ್ಲಿ 1506ರಲ್ಲಿ ಹುಟ್ಟಿದವರು. ಅವರ ತಾಯ್ನುಡಿಯೂ ಬಾಸ್ಕ್.

ಆ ಭಾಷೆಯಲ್ಲಿ ನಿಂತ ನಿಲುವಿನಲ್ಲೇ ಪದ್ಯ ಕಟ್ಟಿ ಹಾಡುವ ಆಶುಕವಿಗಳಿದ್ದಾರೆ, ಬೆರ್ಚೊಲಾರಿಗಳು ಅಂತ. ನಾಲ್ಕೈದು ವರ್ಷಕ್ಕೊಮ್ಮೆ ದೊಡ್ಡ ಸ್ಪರ್ಧೆ. ನಾವು ಯಂತ್ರ ನೋಡಲು ಹೋಗುತ್ತಿದ್ದ ಬರಕಾಲ್ದೊದ ಪ್ರದರ್ಶನ ಸಭಾಂಗಣದಲ್ಲೇ 2017ರ ಫೈನಲ್ ನಡೆಯಿತು. 14,000ಕ್ಕೂ ಹೆಚ್ಚು ಜನ ಪದ್ಯ ಕೇಳಲು ಟಿಕೆಟ್ ಕೊಂಡು ಬಂದಿದ್ದರು. ಗೆದ್ದದ್ದು ಮಾಯಾಲೆನ್ ಲುಹಾನ್‌ಬಿಯೊ ಎಂಬ ಹೆಂಗಸು. ನೀನಿರುವ ದಿನಗಳಲ್ಲಿ ಚಿಕ್ಕದೊಂದು ಕಾರ್ಯಕ್ರಮ ಇದ್ದರೂ ಹೋಗು. ಅರ್ಥವಾಗದಿದ್ದರೂ ಜನ ಹೇಗೆ ಕೇಳುತ್ತಾರೆ ಅಂತ ಕಾಣುತ್ತದೆ.

ಹಳೇ ಪೇಟೆಯಿಂದ ಹೊಳೆಯ ಜೊತೆಗೇ ಕೆಳಗೆ ನಡೆ. ವಾಸ್ತುಶಿಲ್ಪಿ ಕಲಾತ್ರಾವಾ ಕಟ್ಟಿದ ಬಿಳಿ ಸೇತುವೆ ಸಿಗುತ್ತದೆ. ಗಾಜಿನ ನೆಲ ಮಳೆಯಲ್ಲಿ ಜಾರಿ ಜನ ಬೀಳುತ್ತಿದ್ದರಿಂದ ಊರಿನವರು ಮೇಲೆ ಹಾಸು ಹಾಕಬೇಕಾಯಿತು. ಅಲ್ಲಿಂದ ಮುಂದೆ ಗುಗನ್‌ಹೈಮ್. ಫ್ರಾಂಕ್ ಗೆಹ್ರಿಯ ವಿನ್ಯಾಸ, ತೆರೆದದ್ದು 1997ರ ಅಕ್ಟೋಬರ್. ಟೈಟಾನಿಯಂ ತಗಡು ಮೋಡದ ಬೆಳಕಿನಲ್ಲಿ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು ಬಣ್ಣ. ಬಾಗಿಲಿನ ಮುಂದೆ ಹೂಗಿಡಗಳಿಂದ ಮಾಡಿದ ದೊಡ್ಡ ನಾಯಿಯ ಶಿಲ್ಪ ಇದೆ. ಮೇ ತಿಂಗಳಲ್ಲಿ ಗಿಡ ಬದಲಿಸುತ್ತಾರೆ, ಸಾರುವೆ ಕಟ್ಟಿದ್ದರೆ ಬೇಸರ ಮಾಡಿಕೊಳ್ಳಬೇಡ. ತೆರೆಯುವ ಕೆಲವೇ ದಿನ ಮೊದಲು, ಪ್ರತ್ಯೇಕ ಬಾಸ್ಕ್ ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಟಾ ಸಂಘಟನೆಯವರು ಹೂವಿನ ಕುಂಡಗಳಲ್ಲಿ ಸ್ಫೋಟಕ ಅಡಗಿಸಿ ತಂದರು. ಅವರನ್ನು ತಡೆದ ಬಾಸ್ಕ್ ಪೊಲೀಸಿನವನು ಗುಂಡಿಗೆ ಸತ್ತ. ಆ ಚೌಕಕ್ಕೆ ಅವನ ಹೆಸರಿಟ್ಟಿದ್ದಾರೆ. ಎಟಾ 2011ರಲ್ಲಿ ಹಿಂಸೆ ಬಿಟ್ಟು 2018ರಲ್ಲಿ ವಿಸರ್ಜನೆಯಾಯಿತು. ಅಷ್ಟರೊಳಗೆ 800ಕ್ಕೂ ಹೆಚ್ಚು ಜನ ಸತ್ತಿದ್ದರು. ಪರಿಚಯವಾದವರ ಹತ್ತಿರ ಸುಮ್ನೆ ಕುತೂಹಲಕ್ಕೆ ಆ ಮಾತು ಎತ್ತಬೇಡ. ಎಷ್ಟೋ ಮನೆಗಳಲ್ಲಿ ಗಾಯ ಇನ್ನೂ ಹಸಿ.

ಒಳಗೆ ಎಲ್ಲವನ್ನೂ ನೋಡುವ ಹಟ ಬೇಡ. ರಿಚರ್ಡ್ ಸೆರಾ ಮಾಡಿದ ಉಕ್ಕಿನ ಗೋಡೆಗಳ ಸಭಾಂಗಣದಲ್ಲಿ ಒಂದು ಗಂಟೆ ಇರು. ಆಳೆತ್ತರಕ್ಕಿಂತ ಎಷ್ಟೋ ಎತ್ತರದ ದಪ್ಪ ಪ್ಲೇಟುಗಳನ್ನು ಬಾಗಿಸಿ, ತಿರುಚಿ ನಿಲ್ಲಿಸಿದ್ದಾನೆ. ಬೋಲ್ಟಿಲ್ಲ, ಆಸರೆಯಿಲ್ಲ, ಬಾಗಿದ ರೀತಿಯಲ್ಲೇ ನಿಂತಿವೆ. ನಡುವೆ ನಡೆದರೆ ಮೈ ಒಂದು ಕಡೆ ವಾಲುತ್ತದೆ. ಅವನೂ ಹುಡುಗನಾಗಿದ್ದಾಗ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. ಉಕ್ಕು ಮಾಡಿ ಬದುಕಿದ ಊರಿಗೆ ಇದಕ್ಕಿಂತ ಒಪ್ಪುವ ಕೆಲಸ ಇನ್ನೊಂದಿಲ್ಲ.

ಮುಂದೆ ಹಳೇ ಹಡಗು ಕಟ್ಟೆ. ಈಗ ಸಂಗೀತ ಭವನ, ಕಡಲ ಮ್ಯೂಸಿಯಂ ಇವೆ. ಕರೋಲಾ ಅನ್ನುವ ಕೆಂಪು ಕ್ರೇನನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಅಥ್ಲೆಟಿಕ್ ಕ್ಲಬ್ ಅನ್ನುವ ಫುಟ್‌ಬಾಲ್ ತಂಡದ ಸ್ಟೇಡಿಯಂ ಹತ್ತಿರವೇ. ಬಾಸ್ಕ್ ನೆಲದಲ್ಲಿ ಹುಟ್ಟಿದ ಅಥವಾ ಆಟ ಕಲಿತವರನ್ನೇ ತೆಗೆದುಕೊಳ್ಳುವ ತಂಡ ಅದು. 2024ರಲ್ಲಿ ನಲವತ್ತು ವರ್ಷದ ನಂತರ ಸ್ಪೇನಿನ ಕೋಪಾ ದೆಲ್ ರೇ ಕಪ್ ಗೆದ್ದಾಗ ಆಟಗಾರರನ್ನು ದೋಣಿಯಲ್ಲಿ ಕೂರಿಸಿ ಇದೇ ಹೊಳೆಯಲ್ಲಿ ಮೆರವಣಿಗೆ ಮಾಡಿದರು. ಎರಡೂ ದಡದಲ್ಲಿ ಜನಸಾಗರ.

ಗೆರ್ನಿಕಾಗೆ ಒಂದು ಬೆಳಿಗ್ಗೆ ರೈಲಿನಲ್ಲಿ ಹೋಗಿ ಬಾ. 1937ರ ಏಪ್ರಿಲ್ 26, ಸಂತೆಯ ಸೋಮವಾರ, ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೊ ಪರವಾಗಿ ಬಂದ ಜರ್ಮನ್ ಮತ್ತು ಇಟಲಿ ವಿಮಾನಗಳು ಆ ಊರನ್ನು ಸುಟ್ಟವು. ಆ ದಾಳಿಯ ಮೇಲೆ ಪಿಕಾಸೊ ಬರೆದ ಚಿತ್ರ ಅಲ್ಲಿಲ್ಲ, ಮ್ಯಾಡ್ರಿಡ್‌ನಲ್ಲಿದೆ. ಬಾಸ್ಕ್ ಜನ ಸಭೆ ಸೇರುತ್ತಿದ್ದ ಓಕ್ ಮರದ ಜಾಗ ನೋಡು.

ಕೊನೆಯ ದಿನ ಮೆಟ್ರೊ ಹತ್ತಿ ಹೊಳೆ ಸಮುದ್ರ ಸೇರುವ ಕಡೆ ಪೋರ್ತುಗಾಲೆತೆಗೆ ಹೋಗು. ಅಲ್ಲಿ 1893ರ ತೂಗುಗಾಡಿಯ ಸೇತುವೆ ಇದೆ. ಎತ್ತರದ ಮಾಸ್ಟಿನ ಹಡಗುಗಳು ಹೋಗಬೇಕು, ದಡ ತಗ್ಗು, ಸಾಮಾನ್ಯ ಸೇತುವೆ ಕಟ್ಟಿದರೆ ದಾರಿ ಬಂದ್. ಅದಕ್ಕೆ ಅಲ್ಬೆರ್ತೊ ಪಲಾಸಿಯೊ 45 ಮೀಟರ್ ಎತ್ತರದಲ್ಲಿ ತೊಲೆ ಹಾಕಿ, ಕೆಳಗೆ ಒಂದು ಗಾಡಿಯನ್ನು ಹಗ್ಗದಲ್ಲಿ ತೂಗುಬಿಟ್ಟ. ಜನ, ಕಾರು ಎಲ್ಲ ಅದರಲ್ಲಿ ಆಚೆ ದಡಕ್ಕೆ ಹೋಗುತ್ತವೆ. ಈ ತರಹದ ಸೇತುವೆಗಳಲ್ಲಿ ಪ್ರಪಂಚಕ್ಕೇ ಮೊದಲನೆಯದು. ಈಗಲೂ ದಿನನಿತ್ಯದ ಓಡಾಟಕ್ಕೇ ಬಳಸುತ್ತಾರೆ.

ಮೆಟ್ರೊ, ಬಸ್ಸಿಗೆ ಬಳಸುವ ಬಾರಿಕ್ ಕಾರ್ಡ್ ಒಂದು ಕೊಂಡರೆ ಇಬ್ಬರಿಗೂ ಸಾಕು. ಕೊಡೆಗಿಂತ ಟೊಪ್ಪಿ ಇರುವ ರೇನ್‌ಕೋಟು ವಾಸಿ, ಸೋನೆ ಮಳೆ ಯಾವಾಗ ಬೇಕಾದರೂ ಬರುತ್ತದೆ. ರಾತ್ರಿ ಊಟ ಒಂಬತ್ತಕ್ಕೆ ಮೊದಲು ಸಿಗುವುದು ಕಷ್ಟ. ಮ್ಯೂಸಿಯಂ ಬಹುತೇಕ ಸೋಮವಾರ ರಜೆ, ಟಿಕೆಟ್ ತೆಗೆಯುವಾಗ ನೋಡಿಕೊ. ತೂಗು ಸೇತುವೆಯ ಮೇಲೆ ನಡೆಯಲು ದಾರಿ ಇದೆ. ಹತ್ತಿ ಹೋಗಿ, ಹಳಿಯ ಮೇಲೆ ಗಾಲಿಗಳು ಓಡುವುದನ್ನು ವಿಡಿಯೊ ಮಾಡಿ ನನಗೂ ನಿಮ್ಮಪ್ಪನಿಗೂ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ